ಲಿಂಗಸುಗೂರಿನ ದಿವಾನಖಾನೆ ನೋಡಲು ಹೋದದ್ದು

ಮತ್ತೊಬ್ಬರ ಮನೆಯ ಒಳಗನ್ನು ನೋಡುವ ಸಲುವಾಗಿ ಬಸ್ಸು ಹತ್ತಿ ಹೋದವರು ಸಿಂಧನೂರಿನಲ್ಲಿ ನಾವೇ ಮೊದಲಿಗರು ಇರಬೇಕು. ನಮ್ಮವರು ತಹಸೀಲ ಕಚೇರಿಯಲ್ಲಿ ಗುಮಾಸ್ತರು. ಪಾಲಾದಾಗ ಹಳೆಯ ಮನೆ ಮೈದುನನಿಗೆ ಹೋಗಿತ್ತು, ಅತ್ತೆ ನಮ್ಮ ಪಾಲಿಗೆ ಬಂದಿದ್ದರು. ನಾವು ಊರ ಅಂಚಿನಲ್ಲಿ ಹೊಸದೊಂದು ಕಟ್ಟಿಸುತ್ತಿದ್ದೆವು. ಗೋಡೆ ಎದ್ದು ಮಾಳಿಗೆ ಮುಗಿದಿತ್ತು. ಇನ್ನು ಒಳಗಿನ ಅಂದಚೆಂದ. ಲಿಂಗಸುಗೂರಿನ ವಕೀಲ ಸಾಹೇಬರ ದಿವಾನಖಾನೆಯನ್ನು ಒಮ್ಮೆ ನೋಡಿ ಬಂದಿದ್ದ ನಮ್ಮವರಿಗೆ ಅದರ ಹುಚ್ಚು ಹತ್ತಿತ್ತು. ಊಟಕ್ಕೆ ಕುಳಿತಾಗಲೂ ಬೆರಳಿನಿಂದ ತಟ್ಟೆಯಲ್ಲಿ ಕಿಟಕಿ ಬರೆಯುತ್ತಿದ್ದರು. ಸಾರು ಹಾಕಿದರೆ ಕಿಟಕಿ ಅಳಿಸಿತೆಂದು ನನ್ನ ಮೇಲೆ ಸಿಟ್ಟು.

ನಮ್ಮ ಜೊತೆ ಅತ್ತೆಯೂ ಹೊರಟರು. ಅವರ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವರು ಹೊರಟದ್ದು ದಿವಾನಖಾನೆಗಾಗಿ ಅಲ್ಲ. ತಮ್ಮ ಸೀರೆ, ಕೌದಿ, ವಿಭೂತಿ ಗಟ್ಟಿ ಎಲ್ಲ ಸೇರಿಸಿ ಗಂಟು ಕಟ್ಟಿದ್ದರು. ಮಗನ ಹಟಕ್ಕೆ ಲಿಂಗಸುಗೂರಿಗೂ ಬಂದು, ಮರಳುವಾಗ ಮಸ್ಕಿಯಲ್ಲಿ ಮಗಳ ಮನೆಯಲ್ಲಿ ಇಳಿದು ಅಲ್ಲೇ ಉಳಿಯುತ್ತೇನೆ ಎಂದಿದ್ದರು. ಹೊಸ ಮನೆಗೆ ಒಂದೇ ಸಲ ಬಂದಿದ್ದರು. ಗೋಡೆ ಹಿಡಿದು ಒಳಗೆ ಹೋದವರು ಗೋಡೆ ಹಿಡಿದೇ ಹೊರಗೆ ಬಂದು, "ಚೆಂದ ಆಗೈತಿ" ಎಂದಷ್ಟೇ ಹೇಳಿದ್ದರು. ಮರುದಿನವೇ ಈ ಮಸ್ಕಿಯ ಮಾತು. ನಾನು ಚಿಕ್ಕವಳಿದ್ದಾಗ ಮದುವೆಯಾಗಿ ಬಂದವಳು; ರೊಟ್ಟಿ ಬಡಿಯುವುದರಿಂದ ಹಿಡಿದು ಗಂಡನನ್ನು ದಾರಿಗೆ ತರುವವರೆಗೆ ಎಲ್ಲ ಕಲಿಸಿದವರು ಅವರು. ಅವರಿಲ್ಲದ ಮನೆಗೆ ಹೋಗಲು ನನಗೆ ಮನಸ್ಸೇ ಇರಲಿಲ್ಲ.

ಬಸ್ಸು ಹೊತ್ತೇರಿದ ಮೇಲೆ ಬಿಟ್ಟಿತು. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂದೆ ಇದ್ದಿಲು ಉರಿಸುವ ದೊಡ್ಡ ಡಬ್ಬಿ ಕಟ್ಟಿದ್ದರು; ಅದರ ಹೊಗೆಯಿಂದಲೇ ಬಸ್ಸು ಓಡಬೇಕು. ಎಂಟಾಣೆ ಕೊಟ್ಟು ಟಿಕೀಟು ಕೊಂಡವರಿಗೆ ಮೈತುಂಬ ಮಸಿ ಪುಕ್ಕಟೆ. ದಾರಿಯುದ್ದಕ್ಕೂ ಎರೆಹೊಲ, ಕೊಯ್ಲಿಗೆ ಬಂದ ಬಿಳಿಜೋಳ. ನಡುನಡುವೆ ಬಸ್ಸು ನಿಂತುಬಿಡುತ್ತಿತ್ತು.

"ಇಳೀರಿ, ಇಳೀರಿ, ಗಾಡಿ ದಮ್ಮು ತಗೊಳ್ಳಾಕತ್ತೈತಿ" ಎನ್ನುತ್ತ ಡ್ರೈವರ್ ಇದ್ದಿಲು ಕೆದಕುತ್ತಿದ್ದ. ನಾವು ಜಾಲಿಮರದ ನೆರಳಲ್ಲಿ ನಿಂತು ಕಾಯುತ್ತಿದ್ದೆವು.

ಹೊಸ ಮನೆಯ ವರ್ಣನೆಯಂತೂ ನಿಲ್ಲಲಿಲ್ಲ. ಪಕ್ಕದಲ್ಲಿ ಕುಳಿತ ಅಪರಿಚಿತನಿಗೂ ನಮ್ಮವರು ಹೇಳುತ್ತಿದ್ದರು: "ಒಳಗ ಒಂದೂ ಹೊಸ್ತಿಲು ಇಡಿಸಿಲ್ರಿ. ತಲಬಾಗಿಲಿಗೊಂದ ಐತಿ. ನಮ್ಮವ್ವಗ ಕಣ್ಣು ಕಾಣಂಗಿಲ್ಲ, ಎಡವಿ ಬಿದ್ದಾಳು ಅಂತ. ಇಡೀ ಮನಿಗೆ ನುಣುಪು ಪರಸಿ ಕಲ್ಲು ಹಾಸಸ್ತೀನಿ." ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು.

ಮಸ್ಕಿ ಮುಟ್ಟಿದಾಗ ಬೆಟ್ಟದ ಕಲ್ಲುಗಳು ಕಾದು ಹೊಳೆಯುತ್ತಿದ್ದವು. ಆ ದಿನ ಅಲ್ಲಿ ವಸತಿ. ನಾದಿನಿ ಈರಮ್ಮನ ಮನೆ ಹಳೆಯ ನಮೂನೆಯದು. ಒಳಗೆ ಕಾಲಿಟ್ಟ ಕೂಡಲೆ ದನದ ಗೋದಲಿ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರಾಚೆ ಕತ್ತಲೆಯ ನಡುಮನೆ. ಮೂಲೆಯಲ್ಲಿ ದೊಡ್ಡದರ ಮೇಲೆ ಚಿಕ್ಕದಿಟ್ಟು ಜಂತೆಯವರೆಗೆ ಪೇರಿಸಿದ ಅಡಕಲು ಗಡಿಗೆಗಳು. ಒಂದೊಂದಕ್ಕೂ ಸುಣ್ಣದ ಬೊಟ್ಟು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಅದರ ಮೇಲೆ ಬಿಳಿಯ ಎಳೆ. ಮಾಳಿಗೆಯ ಬೆಳಕಿಂಡಿಯಿಂದ ಒಂದೇ ಕಡೆ ಬಿಸಿಲು ಬಿದ್ದು ಸಾರಿಸಿದ ನೆಲ ಹಸಿರಾಗಿ ಕಾಣುತ್ತಿತ್ತು. ದುಡ್ಡು ಸುರಿದು ಮಾಡಿಸಿದ್ದು ಒಂದೂ ಇರಲಿಲ್ಲ, ಆದರೂ ಕಣ್ಣು ತುಂಬುತ್ತಿತ್ತು.

ಅತ್ತೆ ನನ್ನ ಕೈ ಬಿಟ್ಟರು. ನಾನು ಗಾಬರಿಯಾದೆ. ಅವರು ಪಡಸಾಲೆ ದಾಟಿ, ನಡುಮನೆ ದಾಟಿ, ಅಡುಗೆಮನೆಗೆ ಹೋಗಿ, ಕೊಡದಿಂದ ತಾವೇ ನೀರು ಬಗ್ಗಿಸಿಕೊಂಡು ಕುಡಿದರು. ಪ್ರತಿ ಬಾಗಿಲಲ್ಲೂ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದರು. ಎಲ್ಲರೂ ಮಾಡುವುದೇ ಅದು ಎಂದು ನಾನು ಹೆಚ್ಚು ಗಮನ ಕೊಡಲಿಲ್ಲ. ಮಗಳ ಮನೆಯ ಸುಖವೇ ಬೇರೆ ಎಂದುಕೊಂಡು ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟೆ. ಪುಂಡಿಪಲ್ಯ, ಬಿಸಿರೊಟ್ಟಿ ಉಂಡು ಮಲಗಿದೆವು.

ಮರುದಿನ ಲಿಂಗಸುಗೂರು. ವಕೀಲ ಸಾಹೇಬರದು ಹಿಂದೆ ಯಾರೋ ಫೌಜಿನ ಸಾಹೇಬ ಇದ್ದ ಬಂಗಲೆಯಂತೆ. ನಮ್ಮವರಿಗೆ ಹುಚ್ಚು ಹಿಡಿದದ್ದು ಯಾಕೆಂದು ಒಳಗೆ ಹೋದಮೇಲೆ ತಿಳಿಯಿತು. ಎತ್ತರದ ಬಾಗಿಲುಗಳ ಮೇಲೆ ಕಮಾನು. ಕಮಾನಿನಲ್ಲಿ ಕೆಂಪು, ನೀಲಿ, ಹಳದಿ ಗಾಜು. ಬಿಸಿಲು ಆ ಗಾಜು ದಾಟಿ ಜಮಖಾನದ ಮೇಲೆ ಬಣ್ಣದ ತುಂಡುಗಳಾಗಿ ಬಿದ್ದಿತ್ತು. ಬಿಳಿಯ ಲೋಡುಗಳು, ತೂಗುಬಿಟ್ಟ ಗಾಜಿನ ಹಂಡಿ ದೀಪಗಳು, ಆಳೆತ್ತರದ ಕನ್ನಡಿ. ಕನ್ನಡಿಯಲ್ಲಿ ಮಸಿ ಮೆತ್ತಿದ ನನ್ನ ಮುಖ ಕಂಡು ನಾಚಿಕೆಯಾಯಿತು.

"ಬರ್ರಿ ಅಮ್ಮಾ, ಮನಿ ನಿಮ್ದೇ ಐತಿ, ಆರಾಮ್ ಕೂಡ್ರಿ" ಎಂದು ವಕೀಲರ ಬೀಬಿ ಅತ್ತೆಯ ಕೈಹಿಡಿದು ಕೂರಿಸಿದರು. ನಮ್ಮ ಊಟಕ್ಕೆಂದು ಪಕ್ಕದ ಲಿಂಗಾಯತರ ಮನೆಯಲ್ಲಿ ಅಡುಗೆ ಮಾಡಿಸಿದ್ದರು. ಅಂಥ ದೊಡ್ಡ ಮನಸ್ಸಿನ ಜನ.

ಉಂಡ ಮೇಲೆ ಅತ್ತೆಯನ್ನು ಹಿತ್ತಲಿಗೆ ಕರೆದೊಯ್ಯುವಾಗ ನಾನು ಅದನ್ನು ಕಂಡದ್ದು. ಮೊದಲ ಬಾಗಿಲ ಬಳಿ ಅವರು ಕಾಲನ್ನು ಎತ್ತರಕ್ಕೆ ಎತ್ತಿ ಮುಂದಿಟ್ಟರು. ಅಲ್ಲಿ ಹೊಸ್ತಿಲು ಇರಲಿಲ್ಲ. ಕಾಲು ಬರೀ ನೆಲಕ್ಕೆ ಧೊಪ್ಪನೆ ಬಿದ್ದು, ಮುಗ್ಗರಿಸಿ ನನ್ನ ತೋಳು ಹಿಡಿದರು. ಎರಡನೆಯ ಬಾಗಿಲಲ್ಲೂ ಹಾಗೇ. ಮೂರನೆಯದಕ್ಕೆ ನಿಂತೇಬಿಟ್ಟರು.

"ಇದು ಯಾವ ಖೋಲಿ? ನಾ ಎಲ್ಲಿದೀನಿ?" ಎಂದರು. ದನಿ ಚಿಕ್ಕ ಹುಡುಗಿಯದಾಗಿತ್ತು.

ನನಗೆ ಮಸ್ಕಿಯ ಮನೆ ನೆನಪಾಯಿತು. ನಮ್ಮ ಹೊಸ ಮನೆಯೂ ನೆನಪಾಯಿತು. ಹಿತ್ತಲಿನ ಬೇವಿನ ಕಟ್ಟೆಯ ಮೇಲೆ ಕೂರಿಸಿ ಕೇಳಿದೆ: "ಅತ್ತಿ, ನೀವು ಮಸ್ಕ್ಯಾಗ ಉಳಿಯೋದು ಹೊಸ್ತಿಲಿನ ಸಲುವಾಗಿ ಏನ್ರಿ?"

ಅವರು ಕಟ್ಟೆಯ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಹೇಳಿದರು: "ಹಳೇ ಮನ್ಯಾಗ ದಿನಾ ಮುಂಜಾನಿ ಒಂದೊಂದ ಹೊಸ್ತಿಲು ತೊಳದು ಅರಿಷಿಣ ಹಚ್ಚೀನಿ. ಪಡಸಾಲೀದು ಎತ್ತರ. ಅಡಗಿಮನೀದು ನಡುವ ಸವದೈತಿ. ದೇವರಮನೀದು ಕಲ್ಲು, ತಣ್ಣಗ ಇರ್ತೈತಿ. ಕಾಲು ಇಟ್ರ ಸಾಕು, ಎಲ್ಲಿದೀನಿ ಅಂತ ಗೊತ್ತಾಕ್ಕಿತ್ತು. ಈರಮ್ಮನ ಮನ್ಯಾಗೂ ಹಂಗ. ನಿಮ್ಮ ಹೊಸ ಮನಿ ಎಲ್ಲಾ ಒಂದ ಬಯಲು. ಅಲ್ಲಿ ನಾ ಮೂಲ್ಯಾಗ ಕುಂದ್ರಬೇಕು, ಯಾರರ ಬಂದು ಎಬ್ಬಿಸಬೇಕು."

"ಮತ್ತ ಅವರಿಗ್ಯಾಕ ಹೇಳಲಿಲ್ರಿ?"

"ನಾ ಬೀಳಬಾರ್ದಂತ ಅಂವ ಹೊಸ್ತಿಲು ಇಡಿಸಿಲ್ಲ. ಊರ ಮಂದಿಗೆಲ್ಲ ಹಿಗ್ಗಿಲೆ ಹೇಳಾಕತ್ಯಾನ. ಅಷ್ಟು ಅಕ್ಕರತಿಲೆ ಮಾಡಿದ್ದನ್ನ ತಪ್ಪು ಅಂತ ಹೆಂಗ ಅನ್ಲಿ, ತಂಗಿ?"

ನನಗೆ ಅಳು ಬಂತು. ಅವರ ಎದುರು ಅತ್ತರೂ ಕಾಣದು ಎಂಬ ಧೈರ್ಯದಿಂದ ಅತ್ತುಬಿಟ್ಟೆ. ಅವರು ಕೈಚಾಚಿ ಸರಿಯಾಗಿ ನನ್ನ ಕೆನ್ನೆಯನ್ನೇ ಒರೆಸಿದರು.

ಮರಳುವ ದಾರಿಯಲ್ಲಿ ಬಸ್ಸು ದಮ್ಮು ತೆಗೆದುಕೊಳ್ಳಲು ನಿಂತಾಗ ಅತ್ತೆ ಒಳಗೇ ಕುಳಿತಿದ್ದರು. ನಾನು ನಮ್ಮವರನ್ನು ಮರದ ಬುಡಕ್ಕೆ ಕರೆದು ಎಲ್ಲ ಹೇಳಿದೆ. ಬಣ್ಣದ ಗಾಜಿನ ಲೆಕ್ಕದಲ್ಲಿದ್ದವರು ಬೆರಳೆಣಿಸುವುದನ್ನು ನಿಲ್ಲಿಸಿದರು. ವಾದಿಸುತ್ತಾರೆಂದು ನಾನು ಸೆರಗು ಬಿಗಿದಿದ್ದೆ. ವಾದಿಸಲಿಲ್ಲ. ಬಸ್ಸು ಹತ್ತಿ ತಾಯಿಯ ಪಕ್ಕದಲ್ಲಿ ಕುಳಿತರು.

ಮಸ್ಕಿಯಲ್ಲಿ ಬಸ್ಸು ನಿಂತಿತು. ಈರಮ್ಮ ತಾಯಿಯನ್ನು ಇಳಿಸಿಕೊಳ್ಳಲು ಬಂದು ನಿಂತಿದ್ದಳು. ಲಿಂಗಸುಗೂರಿಗೂ ಬಿಡದೆ ಒಯ್ದಿದ್ದ ಗಂಟನ್ನು ಎದೆಗೆ ಅವಚಿಕೊಂಡು ಅತ್ತೆ ಎದ್ದರು.

"ಯವ್ವಾ, ಕುಂದ್ರು" ಎಂದರು ನಮ್ಮವರು. "ಹೊಸ್ತಿಲಿಗೆ ಯಾವ ಕಟ್ಟಿಗಿ ತರಲಿ, ಹೇಳು."

ಎದ್ದ ಅತ್ತೆ ನಿಂತೇ ಇದ್ದರು. ಇಳಿಯುವವರು ಅವರನ್ನು ದಾಟಿಕೊಂಡು ಇಳಿದರು. "ಹಳೇ ಮನೀವು ಕಿತ್ತು ತರ್ತೀಯೇನ ಮತ್ತ? ಅವನ್ನ ಕೀಳಬಾರ್ದಪಾ" ಎಂದರು.

"ಇಲ್ಲವ್ವಾ. ಹೊಸವು."

"ಎಲ್ಲಾ ಒಂದ ನಮೂನಿ ಮಾಡಸಬ್ಯಾಡ."

"ನೀ ಹೆಂಗ ಹೇಳ್ತಿ ಹಂಗ."

ಅತ್ತೆ ಕುಳಿತರು. ಕೆಳಗಿನಿಂದ ಈರಮ್ಮ, "ಅಣ್ಣಾ, ನನ್ನ ತಾಯೀನ ಎಲ್ಲಿ ಒಯ್ಯಾಕತ್ತೀಯೋ!" ಎಂದು ಬೈಯುತ್ತಿದ್ದಂತೆ ಬಸ್ಸು ಹೊರಟಿತು. ಬೈಗುಳದ ನಡುವೆಯೇ ಅವಳು ಕಿಟಕಿಯಿಂದ ರೊಟ್ಟಿಯ ಬುತ್ತಿ ಕೊಟ್ಟಿದ್ದಳು.

ಸಿಂಧನೂರಿಗೆ ಬಂದಾಗ ಹೊತ್ತು ಇಳಿದಿತ್ತು, ಇನ್ನೂ ಬೆಳಕಿತ್ತು. ಅತ್ತೆ ನೇರ ಹೊಸ ಮನೆಗೆ ಹೋಗೋಣ ಎಂದರು. ಗಂಟು ಬಿಚ್ಚಿ ಅರಿಷಿಣದ ಪೊಟ್ಟಣ ತೆಗೆದು, ಕೆಲಸದವರ ತೊಟ್ಟಿಯ ನೀರಿನಲ್ಲಿ ಕಲಸಿದರು. ನಾನು ಅವರ ಕೈಹಿಡಿದು ಒಂದೊಂದು ಬಾಗಿಲಿಗೆ ಕರೆದೊಯ್ದೆ. ಅವರು ಎರಡೂ ಕಡೆಯ ಚೌಕಟ್ಟು ತಡವಿ ನೋಡಿ, ಬಗ್ಗಿ, ಬರೀ ನೆಲದ ಮೇಲೆ ಈ ಕಡೆಯಿಂದ ಆ ಕಡೆಗೆ ಅರಿಷಿಣದ ಗೆರೆ ಎಳೆದರು. ಇದು ಎತ್ತರ ಇರಲಿ, ಇದು ಗಿಡ್ಡ, ಇದು ಕಲ್ಲಿಂದು ಎಂದು ಹೇಳುತ್ತ ಹೋದರು.

ಅಷ್ಟರಲ್ಲಿ ನಮ್ಮವರು ಹೊರಗಿನಿಂದ ಪರಸಿಯ ಮಾತು ಆಡುತ್ತ ಬಂದರು. ಪಡಸಾಲೆಯ ಬಾಗಿಲಲ್ಲಿ ಗೆರೆ ಕಂಡು ಮಾತು ನಿಲ್ಲಿಸಿ, ಮೆಟ್ಟು ಕಳಚಿ, ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮೊಳಕಾಲೆತ್ತರಕ್ಕೆ ಕಾಲೆತ್ತಿ, ಆ ಗೆರೆಯನ್ನು ದಾಟಿ ಒಳಗೆ ಬಂದರು.