ಕವಳೆ ಗಿಡದ ಗೂಟಿ

ಚಾಮರಾಜಪೇಟೆಯ ನಮ್ಮ ವಠಾರದ ಹಿಂದಿನ ಗೋಡೆಗೆ ಒತ್ತಿಕೊಂಡು ಒಂದು ಕವಳೆ ಗಿಡವಿತ್ತು. ಮೈತುಂಬ ಮುಳ್ಳು, ಎಲೆ ಕಿತ್ತರೆ ಹಾಲು, ಬೇಸಿಗೆಯಲ್ಲಿ ಸಣ್ಣ ಬಿಳಿ ಹೂ, ಮಳೆ ಹಿಡಿದ ಮೇಲೆ ಕಪ್ಪಗೆ ಹಣ್ಣಾಗುವ ಹುಳಿ ಕಾಯಿ. ಅಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಬಾಡಿಗೆ ಮನೆಯಲ್ಲಿ ನಮ್ಮದು ಎನ್ನುವಂಥದ್ದು ಅದೊಂದೇ ಎನ್ನುತ್ತಿದ್ದಳು.

ವಠಾರ ಕೆಡವುತ್ತೇವೆಂದು ಓನರ್ ಹೇಳಿದಾಗ ಆಷಾಢ ಹತ್ತಿರವಾಗಿತ್ತು. ಆಷಾಢದಲ್ಲಿ ನಾವು ಮನೆ ಬದಲಿಸುವುದಿಲ್ಲ, ಅವರೂ ಕೆಲಸಕ್ಕೆ ಕೈಹಾಕುವುದಿಲ್ಲ. ಹಾಗಾಗಿ ಒಂದು ತಿಂಗಳು ಸಿಕ್ಕಿತು. ಗಿಡದ ಬುಡ ಗೋಡೆಯ ಕಲ್ಲಿನೊಳಗೆ ಹೋಗಿದ್ದರಿಂದ ಅಗೆದು ತೆಗೆಯುವಂತಿರಲಿಲ್ಲ. ಕೊಂಬೆಯಲ್ಲೇ ಬೇರು ಬರಿಸಬೇಕಿತ್ತು. ಸಸ್ಯಶಾಸ್ತ್ರ ಓದುವಾಗ ಗೂಟಿ ಕಟ್ಟುವುದನ್ನು ಕಲಿತಿದ್ದೆ. ಎರಡು ಕೊಂಬೆಗಳಲ್ಲಿ ಉಂಗುರದಷ್ಟು ತೊಗಟೆ ತೆಗೆದು, ಹಾಲು ಒಣಗಿದ ಮೇಲೆ ಒದ್ದೆ ತೆಂಗಿನ ನಾರು ಸುತ್ತಿ, ಪ್ಲಾಸ್ಟಿಕ್ ಹೊದಿಸಿ ಸೆಣಬಿನ ದಾರದಿಂದ ಬಿಗಿದೆ.

“ಏನಮ್ಮಾ, ಗಿಡಕ್ಕೂ ಬ್ಯಾಂಡೇಜಾ? ಹೋಗೋವಾಗ ಗೋಡೆನೂ ಕಟ್ಕೊಂಡು ಹೋಗ್ಬಿಡಿ,” ಎಂದರು ಓನರ್.

“ಗೋಡೆ ನಿಮಗೇ ಇರ್ಲಿ ಸಾರ್, ಬಿರುಕು ಬಿಟ್ಟಿದೆ,” ಎಂದಳು ಅಮ್ಮ. ಬಹಳ ದಿನಗಳ ಮೇಲೆ ಅವಳು ನಕ್ಕದ್ದು ಅಂದೇ.

ಆಷಾಢದ ಕೊನೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ನನ್ನ ದಾರವಿರಲಿಲ್ಲ. ಅಮ್ಮ ಹೂ ಕಟ್ಟುವ ಬಾಳೆನಾರಿನ ಗಂಟಿತ್ತು.

“ಬಿಚ್ಚಿದ್ಯಾ ಅಮ್ಮಾ?”

“ಬೇರು ಬಂದಿದ್ಯೇನೋ ಅಂತ ನೋಡ್ದೆ ಕಣೇ. ದಿನಾ ಅಲ್ಲ. ಮೊದ್ಲು ಎರಡು ಬಿಳೀ ಎಳೆ ಇತ್ತು, ಆಮೇಲೆ ಯಾಕೋ ಕಾಣ್ಲೇ ಇಲ್ಲ.”

ಎಳೆ ಬೇರು ಗಾಳಿ ಬೆಳಕು ತಾಕಿದರೆ ಒಣಗುತ್ತದೆ. ಅದನ್ನು ಅವಳಿಗೆ ಹೇಳಲಿಲ್ಲ. ಹೊಸ ನಾರು ಸುತ್ತಿ ಮತ್ತೆ ಕಟ್ಟಿದೆ.

ಶ್ರಾವಣದ ಮೊದಲ ವಾರ ಕೊಂಬೆಗಳನ್ನು ಕತ್ತರಿಸಿದೆ. ಬೇರು ಬಂದಿರಲಿಲ್ಲ. ತೊಗಟೆಯ ಅಂಚು ಊದಿಕೊಂಡಿತ್ತು, ಅಷ್ಟೇ. ಅಮ್ಮ ಕುಂಡಕ್ಕೆ ಮಣ್ಣು ತುಂಬಿಕೊಂಡು ಕಾಯುತ್ತಿದ್ದಳು.

“ಮಣ್ಣಲ್ಲಿಟ್ರೆ ಬರುತ್ತಲ್ವಾ?”

“ನೋಡೋಣ,” ಎಂದೆ.

ವಿಶ್ವೇಶ್ವರಪುರಂನ ಎರಡನೇ ಮಹಡಿಯ ಮನೆಗೆ ಬಂದ ಕೆಲವೇ ದಿನಗಳಲ್ಲಿ ಎಲೆಗಳೆಲ್ಲ ಉದುರಿದವು. ಅಮ್ಮ ಸ್ನಾನಕ್ಕೆ ಹೋದಾಗ ಉಗುರಿನಿಂದ ಎರಡೂ ಕೊಂಬೆಗಳನ್ನು ಗೀರಿ ನೋಡಿದೆ. ಎಲ್ಲೂ ಹಸಿರಿಲ್ಲ, ಬುಡದಿಂದ ತುದಿಯವರೆಗೆ ಕಂದು. ಅಷ್ಟರಲ್ಲಿ ವಠಾರದ ಜಾಗದಲ್ಲಿ ಪಾಯ ತೋಡಿಯಾಗಿತ್ತು. ಇನ್ನೊಂದು ಕೊಂಬೆ ತರೋಣವೆಂದರೆ ಗಿಡವೇ ಇರಲಿಲ್ಲ.

ಈಗಲೂ ಅಮ್ಮ ಬೆಳಿಗ್ಗೆ ಕಾಫಿಗೆ ಮೊದಲು ಆ ಎರಡು ಕಡ್ಡಿಗಳಿಗೆ ನೀರು ಹಾಕುತ್ತಾಳೆ. ಕುಂಡದ ತಳದಿಂದ ನೀರು ಬಾಲ್ಕನಿಯ ಟೈಲ್ಸ್ ಮೇಲೆ ಹರಿಯುತ್ತದೆ. ಅವಳು ಒಳಗೆ ಹೋದ ಮೇಲೆ ನಾನು ಒರೆಸುತ್ತೇನೆ.