ಗದ್ದೆಯ ಏಡಿಗೆ ಲಾರ್ವಾ ಇಲ್ಲ

ದೀಪಶ್ರೀ ತೀರಿಕೊಂಡ ಮೇಲೆ ಅವಳನ್ನು ಮೃದು ಸ್ವಭಾವದವಳು ಎಂದು ಹೊಗಳಿದವರು ಬಹಳ. ಹೊಳೆನರಸೀಪುರದ ಕಾಲೇಜಿನ ಸಂತಾಪ ಸಭೆಯಲ್ಲೂ ಅದನ್ನೇ ಹೇಳಿದರು. ಅದು ಸುಳ್ಳು. ಅವಳು ಮೃದುವಾಗಿರಲಿಲ್ಲ. ನಲವತ್ತೇಳರ ವಯಸ್ಸಿನಲ್ಲಿ, ತರಗತಿಗೆ ಹೊರಟವಳು ಮೆಟ್ಟಿಲ ಮೇಲೆ ಕುಸಿದು, ಹಾಸನದ ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು. ಸತ್ತವರನ್ನೆಲ್ಲ ಸಾಧುಗಳನ್ನಾಗಿ ಮಾಡಿಬಿಡುವುದು ನಮ್ಮ ಜನರ ರೂಢಿ. ಅವಳಿಗೆ ಹಾಗಾಗಬಾರದು. ಆದ್ದರಿಂದ ಏಡಿಯ ಕತೆಯನ್ನು ಹೇಳಲೇಬೇಕು.

ಅರಕಲಗೂಡು ಕಡೆಯ ಒಕ್ಕಲು ಮನೆತನದ ಹುಡುಗಿ ಅವಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದಳು. ಅದರಲ್ಲೂ ಬೆನ್ನೆಲುಬಿಲ್ಲದ ಪ್ರಾಣಿಗಳ ಪತ್ರಿಕೆ ಎಂದರೆ ಪ್ರಾಣ. ಭ್ರೂಣದ ಪಾಠ ಬಂದ ದಿನ ಡಬ್ಬಿಯಲ್ಲಿ ರಾಗಿಮುದ್ದೆ ತರುತ್ತಿದ್ದಳು. ಮುದ್ದೆಯನ್ನು ಮೇಜಿನ ಮೇಲಿಟ್ಟು, ಸಾರು ಹುಯ್ಯಲು ಗುಳಿ ಮಾಡುವ ಹಾಗೆ ಹೆಬ್ಬೆರಳು ಒತ್ತುತ್ತಿದ್ದಳು. ಭ್ರೂಣ ಮೊದಲು ಒಂದು ಉಂಡೆ, ಆಮೇಲೆ ಹೀಗೆ ಒಂದು ಕಡೆ ಒಳಕ್ಕೆ ಕುಸಿಯುತ್ತದೆ, ಆಗ ಒಳಪದರ ಹೊರಪದರ ಬೇರೆಯಾಗುತ್ತವೆ ಎಂದು ತೋರಿಸಿ, ಗುಳಿಯತ್ತ ಬೆರಳು ಮಾಡುತ್ತಿದ್ದಳು.

"ಎರೆಹುಳ, ಬಸವನಹುಳ, ಏಡಿ ಇವುಗಳ ಸಾಲಿನಲ್ಲಿ ಬಹುಮಟ್ಟಿಗೆ ಈ ತೂತು ಬಾಯಾಗುತ್ತೆ. ನಮ್ಮ ಸಾಲಿನಲ್ಲಿ ಇದು ಬಾಯಲ್ಲ, ಇನ್ನೊಂದು ತುದಿ. ಮನುಷ್ಯ ಹಿಂದಿನಿಂದ ಶುರುವಾದವನು ಕಣ್ರೋ. ಯಾರೂ ಜಂಬ ಪಡಬೇಡಿ."

ಹಿಂದಿನ ಬೆಂಚು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆದರೆ ಆ ಪಾಠವನ್ನು ಯಾರೂ ಮರೆಯುತ್ತಿರಲಿಲ್ಲ.

ಒಂದು ವರ್ಷ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂತು: ನೀವು ಕಂಡಿರುವ ಒಂದು ಏಡಿಯ ಬೆಳವಣಿಗೆಯನ್ನು ವಿವರಿಸಿ. ಪ್ರಶ್ನೆ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಸಮುದ್ರದ ಏಡಿ. ಅದರ ಮೊಟ್ಟೆಯಿಂದ ಏಡಿ ಬರುವುದಿಲ್ಲ. ಉದ್ದ ಮುಳ್ಳಿನ, ಗಾಜಿನಂಥ ಒಂದು ಪುಟ್ಟ ಲಾರ್ವಾ ಬರುತ್ತದೆ. ಅದು ನೀರಿನಲ್ಲಿ ತೇಲಾಡಿ, ಪೊರೆ ಕಳಚಿ ಕಳಚಿ, ರೂಪ ಬದಲಿಸಿ, ಕೊನೆಗೆ ಏಡಿಯಾಗುತ್ತದೆ. ಹೊಳೆನರಸೀಪುರದ ಮಕ್ಕಳಲ್ಲಿ ಹೆಚ್ಚಿನವರು ಸಮುದ್ರ ನೋಡಿರಲಿಲ್ಲ. ಕಂಡದ್ದನ್ನು ಬರೆಯಿರಿ ಎಂದರೆ ಕಂಡದ್ದನ್ನೇ ಬರೆದರು: ಗದ್ದೆಯ ಏಡಿಗೆ ಲಾರ್ವಾ ಇಲ್ಲ, ಎಲ್ಲ ಹಂತವೂ ಮೊಟ್ಟೆಯ ಒಳಗೇ ಮುಗಿಯುತ್ತದೆ, ತಾಯಿಯ ಹೊಟ್ಟೆಯ ಮಡಿಕೆಯಲ್ಲಿ ಮೊಟ್ಟೆ ಒಡೆದು ಮರಿ ಏಡಿಯಾಗಿಯೇ ಹೊರಬರುತ್ತದೆ. ದೀಪಶ್ರೀ ಎರಡನ್ನೂ ಕಲಿಸಿದ್ದಳು. ಹಾಸನದಲ್ಲಿ ಉತ್ತರಪತ್ರಿಕೆ ತಿದ್ದಿದವರ ಕೈಯಲ್ಲಿದ್ದ ಮಾದರಿ ಉತ್ತರದಲ್ಲಿ ಸಮುದ್ರವೊಂದೇ ಇತ್ತು. ಸೊನ್ನೆ ಹಾಕಿದರು. ಹಲವರು ಫೇಲಾದರು.

ಪ್ರಿನ್ಸಿಪಾಲ್ ಗಂಗಾಧರಯ್ಯ ಅವಳನ್ನು ಕರೆದು ಬಾಗಿಲು ಹಾಕಿಸಿದರು.

"ನೋಡಿ ಮೇಡಂ, ಒಂದು ದಾರಿ ಇದೆ. ಹಾಸನದ ಪರೀಕ್ಷಾ ಮಂಡಳಿ ಮುಂದೆ ಹೋಗಿ, ಪಾಠದಲ್ಲಿ ತಪ್ಪಾಯ್ತು ಅಂತ ಬಾಯ್ಮಾತಲ್ಲಿ ಹೇಳಿ. ಮಕ್ಕಳಿಗೆ ಕೃಪಾಂಕ ಕೊಡ್ತಾರಂತೆ."

"ಪಾಠದಲ್ಲಿ ತಪ್ಪಾಗಿಲ್ಲವಲ್ಲ ಸಾರ್."

"ನನಗೇನು ಗೊತ್ತು? ನಮ್ಮ ಮನೆಯಲ್ಲಿ ಏಡಿ ಬೇಯಿಸಿದ್ದು ಉಂಟೇ?"

ಅವಳನ್ನು ನಿಜವಾಗಿ ಅಲುಗಾಡಿಸಿದ್ದು ಫೇಲಾದವರಲ್ಲೊಬ್ಬಳು, ಶೋಭಿತಾ. ಆ ಹುಡುಗಿ ಬಿ.ಎಡ್. ಸೇರಬೇಕಿತ್ತು, ಈ ಒಂದು ಪತ್ರಿಕೆಯಲ್ಲಿ ನಿಂತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿ, ಮುಖ ನೋಡದೆಯೇ ಹೇಳಿದಳು:

"ಒಪ್ಕೊಂಬುಡಿ ಮೇಡಂ. ನಿಮ್ಗೇನೂ ಓಗಲ್ಲ. ನಮ್ಗೆ ಒಂದ್ ವರ್ಸ ಓಯ್ತದೆ."

"ನೀನು ಬರೆದದ್ದು ಸರಿ ಕಣೇ. ಸರಿ ಬರೆದವಳಿಗೆ ಕೃಪೆ ಯಾಕೆ?"

"ಸರಿ ಕಟ್ಕೊಂಡು ಏನ್ಮಾಡ್ಲಿ?"

ಒಂದು ಸುಳ್ಳಿಗೆ ಇಷ್ಟು ಜನ ಪಾಸಾಗುವುದಾದರೆ ತನ್ನ ಹಟ ದೊಡ್ಡದೇ ಎಂದು ದೀಪಶ್ರೀ ತನ್ನನ್ನೇ ಕೇಳಿಕೊಂಡಳು. ಆದರೆ ಆ ಸುಳ್ಳು ಹೇಳಿದ ಮೇಲೆ, ಗದ್ದೆ ನೋಡಿ ಬೆಳೆದ ಮಕ್ಕಳಿಗೆ ನಿಮ್ಮ ಕಣ್ಣು ಸುಳ್ಳು ಎಂದು ಹೇಳಿದ ಹಾಗಾಗುತ್ತದೆ. ಮುಂದಿನ ವರ್ಷ ಯಾವ ಮುಖ ಹೊತ್ತು ಅವರ ಮುಂದೆ ಮುದ್ದೆ ಒತ್ತುವುದು? ಅವಳು ತವರಿಗೆ ಬಸ್ಸು ಹತ್ತಿದಳು.

ನಾಲೆಗೆ ನೀರು ಬಿಟ್ಟಿದ್ದರು. ಅವರ ಕಡೆ ಗದ್ದೆಯ ಬದುವಿನ ಬಿಲಕ್ಕೆ ಕೈಹಾಕಿ ಏಡಿ ಹಿಡಿಯುವ ಹೆಂಗಸರಿಗೆ ಒಂದು ಕಟ್ಟಳೆ: ಹಿಡಿದ ಕೂಡಲೇ ಮಗುಚಿ ನೋಡಬೇಕು. ಹೊಟ್ಟೆಯ ಮಡಿಕೆ ಉಬ್ಬಿದ್ದರೆ ಅದು ಬಸುರಿ. ಹಿಡಿದ ಜಾಗದಲ್ಲೇ ಬಿಡಬೇಕು, ಸಾರಿನ ಗಡಿಗೆಗೆ ಹೋಗಕೂಡದು. ಮಗಳು ಅಂಥದ್ದನ್ನೇ ಬಕೆಟ್ಟಿಗೆ ಹಾಕಿದ್ದು ಕಂಡು ತಾಯಿ ದೊಡ್ಡತಾಯಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು.

"ಬಸ್ರಿ ಕಣೇ ಅದು. ಬುಡು."

"ಕೊಲ್ಲಾಕಲ್ಲ ಕಣವ್ವ, ಆಸನದಾಗೆ ಮಂಡಳಿಯವ್ರಿಗೆ ತೋರ್ಸಾಕೆ."

"ತೋರ್ಸಾಕೆ ಅವ್ರೇನು ಎಣ್ಣು ನೋಡಾಕ್ ಬಂದವ್ರಾ?"

"ಊಂ ಅಂತಿಟ್ಕೋ. ಒಪ್ಪಿದ್ರೆ ನನ್ ಮಕ್ಕಳು ಪಾಸಾಯ್ತವೆ."

ದೊಡ್ಡತಾಯಮ್ಮ ಬಕೆಟ್ಟಿನೊಳಗೆ ಬಗ್ಗಿ ನೋಡಿ, ಒಂದು ಹಿಡಿ ಒದ್ದೆ ಹುಲ್ಲು ಹಾಕಿದರು. "ಬೈಸಾರಿಗೆ, ಒತ್ತು ಮುಳುಗಾದ್ರೊಳಗೆ, ತಂದು ಇದೇ ಬದಿನಾಗೆ ಬುಡ್ಬೇಕು. ಇಲ್ದಿದ್ರೆ ಈ ಕಡೆ ತಲೆ ಆಕ್ಬ್ಯಾಡ." ಮಗಳು ಹೂಂ ಎಂದಳು.

ಹಾಸನದಲ್ಲಿ ಮಂಡಳಿಯ ಅಧ್ಯಕ್ಷ ಚಂದ್ರಶೇಖರಯ್ಯ ಮಿತಭಾಷಿ. ಅವಳು ಏಡಿಯನ್ನು ಹಿಂದಿನಿಂದ ಹಿಡಿದು ಮೇಜಿನ ಮೇಲೆ ಮಗುಚಿದಳು. ಮಡಿಕೆಯನ್ನು ಉಗುರಿನಿಂದ ಬಿಡಿಸಿದಳು. ಒಳಗೆ ಕೊತ್ತಂಬರಿ ಬೀಜದಷ್ಟು ಮರಿಗಳು ಕಿಕ್ಕಿರಿದಿದ್ದವು, ಎಲ್ಲಕ್ಕೂ ಕಾಲು, ಎಲ್ಲಕ್ಕೂ ಕೊಂಡಿ. ಇನ್ನೂ ಒಡೆಯದ ಒಂದೆರಡು ಮೊಟ್ಟೆಗಳಲ್ಲಿ ಕಣ್ಣಿನ ಕಪ್ಪು ಚುಕ್ಕೆಗಳು ಕಾಣುತ್ತಿದ್ದವು. ಅಧ್ಯಕ್ಷರು ಭೂತಗನ್ನಡಿ ತೆಗೆದುಕೊಂಡರು.

"ಲಾರ್ವಾ ಮಾಡಿ ನೀರಿಗೆ ಬಿಟ್ಟರೆ ಹೇಮಾವತಿ ಕೊಚ್ಚಿಕೊಂಡು ಹೋಗ್ತಾಳೆ ಸಾರ್," ಎಂದಳು ದೀಪಶ್ರೀ. "ಅದಕ್ಕೇ ಇದು ಮೊಟ್ಟೆ ಕಡಿಮೆ ಇಡುತ್ತೆ, ದೊಡ್ಡದಾಗಿ ಇಡುತ್ತೆ, ಮರಿ ಗಟ್ಟಿಯಾಗೋವರೆಗೂ ಹೊಟ್ಟೆಗೆ ಕಟ್ಟಿಕೊಂಡಿರುತ್ತೆ."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಸರಿ. ಇಲ್ಲಿ ಬಿಟ್ಟು ಹೋಗಿ. ಫಾರ್ಮಲಿನ್‌ಗೆ ಹಾಕಿ ತಜ್ಞರಿಗೆ ಕಳಿಸ್ತೀವಿ. ಅವರು ಹೂಂ ಅಂದ್ರೆ ಮರುಮೌಲ್ಯಮಾಪನ."

ದೀಪಶ್ರೀ ಒಂದು ಹೂಂ ಅಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವಳು ಏಡಿಯನ್ನು ಬಕೆಟ್ಟಿಗೆ ಇಳಿಸಿದಳು.

"ಇದನ್ನ ಕೊಡೋಕಾಗಲ್ಲ ಸಾರ್. ವಾಪಸ್ ಬಿಡ್ತೀನಿ ಅಂತ ಮಾತು ಕೊಟ್ಟು ತಂದಿದ್ದೀನಿ."

"ಯಾರಿಗೆ?"

"ನಮ್ಮವ್ವಂಗೆ."

ಕೋಣೆಯಲ್ಲಿ ಯಾರೋ ನಕ್ಕರು. ಚಂದ್ರಶೇಖರಯ್ಯ ನಗಲಿಲ್ಲ. "ಸಾಕ್ಷಿ ಇಲ್ಲದೆ ನಾನೇನು ಮಾಡಲಿ ಮೇಡಂ?"

"ಈಗ ನೋಡಿದ್ರಲ್ಲ, ನಿಮ್ಮ ಕಣ್ಣು ಸಾಲದಾ? ಸಾಲದಿದ್ರೆ ಒಂದು ಮಾತು ಹೇಳಿ, ಹೋಗ್ತೀನಿ. ಇಲ್ಲಿ ಮರಿ ಏಡಿ ಇರಲಿಲ್ಲ, ನಾನು ನೋಡಲಿಲ್ಲ ಅಂತ ಹೇಳಿ. ಆಗ ನಾನೂ ತಪ್ಪು ಕಲಿಸಿದೆ ಅಂತ ಹೇಳ್ತೀನಿ. ಇಬ್ಬರೂ ಒಂದೊಂದು ಸುಳ್ಳು ಹೇಳೋಣ."

ಅವರು ಭೂತಗನ್ನಡಿಯನ್ನು ಒರೆಸುತ್ತ ಕುಳಿತರು. ಅವಳು ನಿಂತೇ ಇದ್ದಳು. ಕೂರಿ ಎಂದರೂ ಕೂರಲಿಲ್ಲ. ಕೊನೆಗೆ, "ಮರುಮೌಲ್ಯಮಾಪನ ಮಾಡಿಸ್ತೀನಿ, ನಡೀರಿ," ಎಂದರು, ಬಕೆಟ್ಟಿನ ಕಡೆ ನೋಡದೆ.

ಆ ಸಂಜೆಯೇ ಏಡಿ ತನ್ನ ಬದುವಿಗೆ ಸೇರಿತು. ಅಂಕಗಳು ಮಾತ್ರ ನಿಧಾನವಾಗಿ ಬಂದವು. ಬರುವ ಹೊತ್ತಿಗೆ ಬಿ.ಎಡ್. ಪ್ರವೇಶ ಮುಗಿದಿತ್ತು. ಮತ್ತೆಂದೂ ದೀಪಶ್ರೀಯನ್ನು ಮೌಲ್ಯಮಾಪನಕ್ಕೆ ಕರೆಯಲಿಲ್ಲ. ಮುಂದಿನ ವರ್ಷ ಗಂಗಾಧರಯ್ಯ ಆ ಪತ್ರಿಕೆಯನ್ನು ಬೇರೊಬ್ಬರಿಗೆ ಕೊಟ್ಟರು. ಅವಳು ಪ್ರಾಯೋಗಿಕ ತರಗತಿಯಲ್ಲಿ ಅದನ್ನೇ ಕಲಿಸಿದಳು, ಇನ್ನೂ ದೊಡ್ಡ ದನಿಯಲ್ಲಿ.

ಶೋಭಿತಾ ಅಂಕಪಟ್ಟಿ ತೆಗೆದುಕೊಳ್ಳಲು ಬಂದವಳು ಮುಖ ಊದಿಸಿಕೊಂಡೇ ಇದ್ದಳು.

"ಕೃಪಾಂಕ ಆಗಿದ್ರೆ ಆಗ್ಲೇ ಸೇರ್ಕಂತಿದ್ದೆ ಮೇಡಂ. ಒಂದ್ ವರ್ಸ ಓಯ್ತು."

"ಹೋಯ್ತು. ನಾನೇ ಕಳೆದೆ," ಎಂದಳು ದೀಪಶ್ರೀ. "ಆದರೆ ಅದರಲ್ಲಿರೋ ಅಂಕ ಯಾರೂ ಕೊಟ್ಟದ್ದಲ್ಲ. ನೋಡ್ಕೋ."

ಹುಡುಗಿ ನೋಡಿದಳು, ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ದೀಪಶ್ರೀ ಕ್ಷಮೆ ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೃದುವಾದವಳಾಗಿದ್ದರೆ ಎರಡನ್ನೂ ಮಾಡುತ್ತಿದ್ದಳು.