ಕಣ್ಣು ಮುಚ್ಚುವ ತೊಟ್ಟಿಮನೆ
ಕಿಕ್ಕೇರಿಯ ಮೊಹಮ್ಮದ್ ಕಲೀಂ, ವಯಸ್ಸು ಐವತ್ತೆಂಟು, ಪತ್ನಿ ಖುರ್ಷಿದ್ ಬೇಗಂ, ಮಗಳು ಸುಮಯ್ಯ. ಹಳೆಯ ತೊಟ್ಟಿಮನೆಗಳ ಚಿತ್ರ ತೆಗೆಯುವುದೇ ಅವರ ಹುಚ್ಚು. ಕಂಬಕ್ಕೂ “ನೆಟ್ಟಗೆ ನಿಲ್ಲಪ್ಪ” ಎನ್ನುವ ಅವರು, ಆಯಾ ಮನೆಯಲ್ಲಿ ಹುಟ್ಟಿದವರೆಲ್ಲ ತೊಟ್ಟಿಯ ಅಂಚಿನಲ್ಲಿ ಒತ್ತಾಗಿ ನಿಲ್ಲದೆ ಕ್ಯಾಮೆರಾ ಒತ್ತುವವರಲ್ಲ. ಮೇಲುಕೋಟೆ ತಪ್ಪಲಿನ ದ್ಯಾವಮ್ಮನವರ ಮನೆಯಲ್ಲಿ ಮರುದಿನವೇ ತೊಟ್ಟಿಗೆ ಅಡ್ಡಗೋಡೆ ಏಳಲಿತ್ತು. ಮನೆ ಪಾಲು ಮಾಡಿಕೊಂಡು ಮಾತುಬಿಟ್ಟ ಅವರ ಗಂಡುಮಕ್ಕಳಿಬ್ಬರೂ ಒಂದೊಂದು ಮೂಲೆ ಹಿಡಿದಿದ್ದರು. “ಮನೆ ಕಣ್ ಮುಚ್ಬುಡ್ತು, ಇನ್ನೊಂದ್ಕಿತ, ಒಸಿ ಅತ್ರ ಬನ್ನಿ,” ಎಂದು ಕಲೀಂ ಮತ್ತೆ ಮತ್ತೆ ನಿಲ್ಲಿಸಿದರು. “ಮನೆ ಯಾಕ್ ಸಾಬ್ರೆ ಕಣ್ ಮುಚ್ತದೆ?” ಎಂದರು ದ್ಯಾವಮ್ಮ. “ಇವರಿಬ್ರ ಮೋರೆ ನೋಡಕ್ಕಾಗ್ದೆ ಕಣವ್ವ!” ತಮ್ಮ ಲೋಕೇಶ ಕಿಸಕ್ಕನೆ ನಕ್ಕ, ಅಣ್ಣ ಚಿಕ್ಕಸ್ವಾಮಿ “ನಿನ್ ಮೋರೆಗೇ ಕಣ್ಲಾ,” ಎಂದು ಅವನ ಹೆಗಲು ಗುದ್ದಿದ. ಸಂಜೆ ಕಲೀಂ ಅಲ್ಲಿ ಬಿಟ್ಟುಹೋದದ್ದು: ನೆಲದಲ್ಲಿ ಕ್ಯಾಮೆರಾ ಸ್ಟ್ಯಾಂಡಿನ ಗುರುತು, ಮರೆತ ಟೋಪಿ, ಗೋಡೆಗೆಂದು ತಂದ ಇಟ್ಟಿಗೆಗಳ ಮೇಲೆ ಕುಳಿತು ಒಂದೇ ತಟ್ಟೆಯ ಅವರೆಕಾಳು ಮೆಲ್ಲುತ್ತಿದ್ದ ಅಣ್ಣತಮ್ಮಂದಿರು.